ಸಾಮಾನ್ಯ ಮಾನಸಿಕ ಕಾಯಿಲೆಗಳ ಪತ್ತೆ, ಚಿಕಿತ್ಸೆ ಮತ್ತು ನಿರ್ವಹಣೆ: ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳ ಸಾರ್ವಜನಿಕರಿಗಾಗಿ ಮಾಹಿತಿ

ಪೀಠಿಕೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಬೆಂಗಳೂರಿಗೆ ಸಮೀಪದಲ್ಲಿರುವುದರಿಂದ, ಮನಸ್ಸಿಗೆ ಸಂಬಂಧಿಸಿದ ಯಾವುದೇ ತೊಂದರೆ ಕಂಡುಬಂದರೂ ನೇರವಾಗಿ ನಿಮ್ಹಾನ್ಸ್ ಸಂಸ್ಥೆಗೇ ಹೋಗಬೇಕೆಂಬ ಭಾವನೆ ಇಲ್ಲಿನ ಸಾರ್ವಜನಿಕರಲ್ಲಿ ಹಿಂದಿನಿಂದಲೂ ಇರುತ್ತದೆ. ಹಾಗೆ ಹೋಗಿಬರಲು ಒಂದು ದಿನದ ಕೂಲಿ, ಬಸ್ಸಿನ ಖರ್ಚು ಹಾಗೂ ಜೊತೆಗೊಬ್ಬರು ಬೇಕಾಗುವುದರಿಂದ ಅನೇಕರು ಹೊರಡುವುದೇ ಇಲ್ಲ. ಹೊರಟವರಲ್ಲಿಯೂ ಕೆಲವರು ಎರಡನೆಯ ಭೇಟಿಗೆ ಹೋಗದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಾರೆ. ವಾಸ್ತವದಲ್ಲಿ ಖಿನ್ನತೆ, ಆತಂಕ, ಗಾಬರಿಯ ಕಾಯಿಲೆ, ನಿದ್ರಾಹೀನತೆ ಹಾಗೂ ಮದ್ಯವ್ಯಸನದ ಬಹುಪಾಲು ಪ್ರಕರಣಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿಯೇ ಗುರುತಿಸಿ, ಚಿಕಿತ್ಸೆ ಆರಂಭಿಸಿ, ಮುಂದುವರಿಸಬಹುದಾಗಿರುತ್ತದೆ.

ಈ ವಿಧಾನದ ತವರು ಕರ್ನಾಟಕವೇ ಆಗಿದೆ. ನಿಮ್ಹಾನ್ಸ್ ಸಂಸ್ಥೆಯು ಬನ್ನೇರುಘಟ್ಟ ಸಮೀಪದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಹಾಗೂ ಕ್ಷೇತ್ರ ಸಿಬ್ಬಂದಿಗೆ ಮನೋವೈದ್ಯಕೀಯ ತರಬೇತಿ ನೀಡುವ ಪದ್ಧತಿಯನ್ನು ರೂಪಿಸಿತು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಆರಂಭವಾದ ನಂತರ, 1980ರ ದಶಕದ ಮಧ್ಯಭಾಗದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಜಿಲ್ಲಾ ಮಟ್ಟದಲ್ಲಿ ಅಳವಡಿಸಿ ನೋಡಲಾಯಿತು. ಅದರ ಅನುಭವದ ಆಧಾರದ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು. ಮನೋವೈದ್ಯರು, ಮನಃಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಹಾಗೂ ಶುಶ್ರೂಷಕರನ್ನೊಳಗೊಂಡ ಜಿಲ್ಲಾ ತಂಡವು ಈ ಕಾರ್ಯಕ್ರಮದ ಅಂಗವಾಗಿದೆ.

ಗಮನಕ್ಕೆ: 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲಾಗಿದೆ. ಹಳೆಯ ಚಿಕಿತ್ಸಾ ಚೀಟಿ ಹಾಗೂ ಪ್ರಮಾಣಪತ್ರಗಳಲ್ಲಿ ಹಿಂದಿನ ಹೆಸರು ಇದ್ದಲ್ಲಿ ಗಾಬರಿಗೊಳ್ಳುವ ಅಗತ್ಯವಿಲ್ಲ. ಅವುಗಳನ್ನು ಎಸೆಯದೆ ಪ್ರತಿ ಭೇಟಿಯಲ್ಲಿಯೂ ತರತಕ್ಕದ್ದು.

ದೇಹದ ದೂರಾಗಿ ಬರುವ ಮನಸ್ಸಿನ ಕಾಯಿಲೆ

ಗ್ರಾಮೀಣ ಪ್ರದೇಶದಲ್ಲಿ ಖಿನ್ನತೆಯುಳ್ಳ ವ್ಯಕ್ತಿಯು "ನನಗೆ ಮನಸ್ಸು ಸರಿಯಿಲ್ಲ" ಎಂದು ಹೇಳಿಕೊಂಡು ಆಸ್ಪತ್ರೆಗೆ ಬರುವುದು ವಿರಳ. ಮೈಕೈ ನೋವು, ತಲೆಭಾರ, ಎದೆ ಡವಗುಟ್ಟುವುದು, ಹೊಟ್ಟೆಯಲ್ಲಿ ಗ್ಯಾಸ್, ಅಂಗಾಲು ಉರಿ, ಕೈಕಾಲು ಜೋಮು ಹಿಡಿಯುವುದು, ಎಷ್ಟು ಮಲಗಿದರೂ ತೀರದ ಸುಸ್ತು, ಇವೇ ಅವರ ದೂರುಗಳು. ಯುವಕರಲ್ಲಿ ಕೆಲವರು ಧಾತು ನಷ್ಟವಾಗುತ್ತಿದೆಯೆಂಬ ಚಿಂತೆಯಿಂದ ಬರುತ್ತಾರೆ. ನೋವಿನ ಇಂಜೆಕ್ಷನ್, ಟಾನಿಕ್ ಮತ್ತು ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಎರಡು ದಿನ ಹಗುರವೆನಿಸಿ, ಮೂರನೆಯ ದಿನ ಅದೇ ತೊಂದರೆ ಮರುಕಳಿಸುತ್ತದೆ. ವೈದ್ಯರನ್ನು ಬದಲಿಸುತ್ತ, ಸ್ಕ್ಯಾನಿಂಗ್ ಮಾಡಿಸುತ್ತ, ಸಾಲ ಮಾಡುತ್ತ ವರ್ಷಗಳು ಕಳೆದುಹೋಗುವುದೂ ಉಂಟು. ಈ ನೋವು ನಟನೆಯಲ್ಲ. ರೋಗಿಗೆ ಅದು ನಿಜವಾಗಿಯೂ ಆಗುತ್ತಿರುತ್ತದೆ. "ಎಲ್ಲ ರಿಪೋರ್ಟ್ ನಾರ್ಮಲ್ ಇದೆ, ನಿಮಗೇನೂ ಇಲ್ಲ" ಎಂಬ ಮಾತಿನಿಂದ ರೋಗಿಗೆ ಸಮಾಧಾನವಾಗುವ ಬದಲು ಅವಮಾನವಾಗುತ್ತದೆ.

ಉದಾಹರಣೆಗೆ, ರೇಷ್ಮೆ ಹುಳು ಸಾಕುವ ಕುಟುಂಬದ 45 ವರ್ಷದ ಮಹಿಳೆಯೊಬ್ಬರನ್ನು ಊಹಿಸಬಹುದು. ಸಕ್ಕರೆ ಕಾಯಿಲೆಗೆ ಪ್ರತಿ ತಿಂಗಳು ಮಾತ್ರೆ ಪಡೆಯುತ್ತಿರುತ್ತಾರೆ. ಕೆಲ ತಿಂಗಳಿಂದ ಸಕ್ಕರೆ ಹತೋಟಿಗೆ ಬರುತ್ತಿಲ್ಲ, ಸೊಂಟನೋವು ಹೋಗುತ್ತಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಹುಳುಮನೆಯ ಕೆಲಸಕ್ಕೆ ಮೈ ಬಗ್ಗುವುದಿಲ್ಲ, ನೆಂಟರ ಮನೆಯ ಶುಭಕಾರ್ಯಕ್ಕೂ ಹೋಗಲು ಮನಸ್ಸಿಲ್ಲ. ಇಷ್ಟನ್ನೂ ಅವರು ವೈದ್ಯರಿಗೆ ಹೇಳುವುದು "ಸುಸ್ತು" ಎಂಬ ಒಂದೇ ಪದದಲ್ಲಿ. ನಿದ್ದೆ, ಹಸಿವು ಮತ್ತು ಆಸಕ್ತಿಯ ಬಗ್ಗೆ ಎರಡು ಪ್ರಶ್ನೆ ಹೆಚ್ಚಾಗಿ ಕೇಳಿದರೆ ಮಾತ್ರ ಉಳಿದದ್ದು ಹೊರಬೀಳುತ್ತದೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಹೃದ್ರೋಗದೊಡನೆ ಖಿನ್ನತೆಯೂ ಸೇರಿದಾಗ ಎರಡೂ ಹದಗೆಡುತ್ತವೆ. ಮನಸ್ಸು ಕುಸಿದವರು ಮಾತ್ರೆ ಮರೆಯುತ್ತಾರೆ, ಪಥ್ಯ ಬಿಡುತ್ತಾರೆ, ನಡೆದಾಡುವುದನ್ನು ನಿಲ್ಲಿಸುತ್ತಾರೆ. ಇದನ್ನು ಇದೇ ಜಿಲ್ಲೆಯಲ್ಲಿ ಅಧ್ಯಯನ ಮಾಡಲಾಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದ ಸಹಯೋಗದಲ್ಲಿ ರಾಮನಗರ ಜಿಲ್ಲೆಯ 49 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ "ಹೋಪ್" ಎಂಬ ಹೆಸರಿನ ಅಧ್ಯಯನ ಕೈಗೊಂಡಿತು. ಖಿನ್ನತೆ ಅಥವಾ ಆತಂಕದ ಜೊತೆಗೆ ದೀರ್ಘಕಾಲದ ದೈಹಿಕ ಕಾಯಿಲೆಯೂ ಇದ್ದವರು ಇದರಲ್ಲಿ ಪಾಲ್ಗೊಂಡಿದ್ದರು. ಒಂದು ಗುಂಪಿನ ಕೇಂದ್ರಗಳಲ್ಲಿ ಸುಧಾರಿತ ಸಾಮಾನ್ಯ ಚಿಕಿತ್ಸೆಯನ್ನೂ, ಇನ್ನೊಂದು ಗುಂಪಿನಲ್ಲಿ ಕೇಂದ್ರದ ವೈದ್ಯರು, ಸಿಬ್ಬಂದಿ ಹಾಗೂ ಆಶಾ ಕಾರ್ಯಕರ್ತೆಯರು ಒಟ್ಟಾಗಿ ರೋಗಿಯನ್ನು ಅನುಸರಿಸುವ ಸಂಯೋಜಿತ ಆರೈಕೆಯನ್ನೂ ನೀಡಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಂಯೋಜಿತ ಆರೈಕೆ ಪಡೆದವರಲ್ಲಿ ಖಿನ್ನತೆಯ ತೀವ್ರತೆ ಹೆಚ್ಚು ಇಳಿದಿತ್ತು. ಊರಿನ ಆಸ್ಪತ್ರೆಯಲ್ಲಿ ಈ ಕಾಯಿಲೆಗೆ ಚಿಕಿತ್ಸೆ ಸಾಧ್ಯವೇ ಎಂಬ ಪ್ರಶ್ನೆಗೆ ಈ ತಾಲ್ಲೂಕುಗಳ ಜನರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಸಮೀಕ್ಷೆಯ ಸಮಯದಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇದ್ದುದನ್ನು ದಾಖಲಿಸಿತು. ಸಾಮಾನ್ಯ ಮಾನಸಿಕ ಕಾಯಿಲೆಯುಳ್ಳ 100 ಮಂದಿಯಲ್ಲಿ ಸುಮಾರು 85 ಮಂದಿ ಚಿಕಿತ್ಸೆಯಿಂದ ಹೊರಗುಳಿದಿದ್ದರು.

ವೈದ್ಯರು ಕಾಯಿಲೆಯನ್ನು ಗುರುತಿಸುವ ಕ್ರಮ

ಖಿನ್ನತೆಯನ್ನು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇರುವುದಿಲ್ಲ. ಮಾತುಕತೆಯೇ ಮುಖ್ಯ ಪರೀಕ್ಷೆ. ಮನಸ್ಸು ಕುಗ್ಗಿರುವುದು ಅಥವಾ ಮೊದಲು ಇಷ್ಟವಾಗುತ್ತಿದ್ದ ವಿಷಯಗಳಲ್ಲಿ ಆಸಕ್ತಿ ಹೋಗಿರುವುದು ದಿನದ ಬಹುಪಾಲು, ಕನಿಷ್ಠ ಎರಡು ವಾರಗಳ ಕಾಲ ಇದ್ದು, ಅದರೊಂದಿಗೆ ಸುಸ್ತು, ನಿದ್ದೆ ಮತ್ತು ಹಸಿವಿನ ಏರುಪೇರು, ಗಮನ ನಿಲ್ಲದಿರುವುದು, ತಾನು ಯಾವುದಕ್ಕೂ ಬಾರದವನೆಂಬ ಭಾವನೆ, ಸಾವಿನ ಯೋಚನೆ ಮುಂತಾದವು ಸೇರಿದ್ದರೆ ಖಿನ್ನತೆಯೆಂದು ಪರಿಗಣಿಸಲಾಗುತ್ತದೆ. ಮನೆಯಲ್ಲಿ ಸಾವಾದಾಗ ಅಥವಾ ಗೂಡಿನ ಬೆಲೆ ಕುಸಿದಾಗ ದುಃಖವಾಗುವುದು ಸಹಜ. ಎಲ್ಲ ದುಃಖವೂ ಕಾಯಿಲೆಯಲ್ಲ. ದುಃಖವು ವಾರಗಟ್ಟಲೆ ಇಳಿಯದೆ ಕೆಲಸ, ಊಟ, ಸಂಬಂಧಗಳನ್ನು ಕೆಡಿಸಲಾರಂಭಿಸಿದಾಗ ವೈದ್ಯರ ಗಮನಕ್ಕೆ ತರಬೇಕು.

ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಹಲವು ಕಡೆ ಬಳಸಲಾಗುತ್ತದೆ. ಕಳೆದ ಎರಡು ವಾರಗಳಲ್ಲಿ ಆದ ತೊಂದರೆಗೆ 0ಯಿಂದ 3ರವರೆಗೆ ಅಂಕ ನೀಡಲಾಗುತ್ತಿದ್ದು, ಒಟ್ಟು 27 ಅಂಕಗಳಿರುತ್ತವೆ. 10 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದಲ್ಲಿ ವೈದ್ಯರು ವಿವರವಾಗಿ ವಿಚಾರಿಸುತ್ತಾರೆ. ಈ ಅಂಕವು ಕಾಯಿಲೆಯ ತೀರ್ಪಲ್ಲ. ಮೊದಲ ಭೇಟಿಯ ಅಂಕವನ್ನು ಆರು ವಾರಗಳ ನಂತರದ ಅಂಕದೊಂದಿಗೆ ಹೋಲಿಸಿ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡುವುದೇ ಅದರ ಹೆಚ್ಚಿನ ಉಪಯೋಗ.

ರಕ್ತಪರೀಕ್ಷೆಯನ್ನು ಬರೆದುಕೊಟ್ಟಲ್ಲಿ ಅದು ಬೇರೆ ಕಾರಣಗಳನ್ನು ತಳ್ಳಿಹಾಕುವುದಕ್ಕಾಗಿ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಕೊರತೆ ಮತ್ತು ಬಿ-12 ಜೀವಸತ್ವದ ಕೊರತೆಯಲ್ಲಿ ಖಿನ್ನತೆಯಂತಹುದೇ ಸುಸ್ತು ಮತ್ತು ಮಂಕು ಕಂಡುಬರುತ್ತದೆ. ಥೈರಾಯ್ಡ್ ಹೆಚ್ಚಾದಾಗ ಆತಂಕದಂತಹ ನಡುಕ ಮತ್ತು ಎದೆಬಡಿತ ಕಾಣಿಸುತ್ತವೆ. ಹಠಾತ್ತನೆ ಎದೆ ಹಿಡಿದಂತಾಗಿ, ಬೆವರಿ, ಈಗಲೇ ಪ್ರಾಣ ಹೋಗುತ್ತದೆ ಎನ್ನಿಸುವುದು ಗಾಬರಿಯ ಕಾಯಿಲೆಯ ಲಕ್ಷಣವಾದರೂ, ಮೊದಲ ಬಾರಿ ಹಾಗಾದಾಗ ಇಸಿಜಿ ಮಾಡಿಸಿ ಹೃದಯದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಮನಸ್ಸಿನ ಕಾರಣವೆಂದು ನಿರ್ಧರಿಸತಕ್ಕದ್ದಲ್ಲ. ವಯಸ್ಸಾದವರಲ್ಲಿ ಒಂದೆರಡು ದಿನಗಳಲ್ಲಿಯೇ ಗೊಂದಲ, ಅಸಂಬದ್ಧ ಮಾತು ಆರಂಭವಾದರೆ ಅದು ಸೋಂಕು ಅಥವಾ ಸೋಡಿಯಂ ಕೊರತೆಯಿಂದಲೂ ಇರಬಹುದಾಗಿದ್ದು, ತುರ್ತು ದೈಹಿಕ ತಪಾಸಣೆ ಅಗತ್ಯ.

ಹಿಂದೆ ಯಾವಾಗಲಾದರೂ ಮಿತಿಮೀರಿದ ಉತ್ಸಾಹ, ಕಡಿಮೆ ನಿದ್ದೆ, ಕೈಮೀರಿದ ಖರ್ಚು, ದೊಡ್ಡ ದೊಡ್ಡ ಮಾತುಗಳ ಅವಧಿ ಇತ್ತೇ ಎಂದು ವೈದ್ಯರು ಕೇಳಿದಾಗ ಮನೆಯವರು ಮುಚ್ಚಿಡಬಾರದು. ಉನ್ಮಾದ ಮತ್ತು ಖಿನ್ನತೆ ಎರಡೂ ಬರುವ ಕಾಯಿಲೆಯಲ್ಲಿ ಖಿನ್ನತೆ ನಿವಾರಕ ಮಾತ್ರೆಯನ್ನು ಮಾತ್ರ ಕೊಟ್ಟರೆ ಉನ್ಮಾದ ಕೆರಳುವ ಸಾಧ್ಯತೆಯಿರುತ್ತದೆ.

ಔಷಧ: ಯಾವಾಗ ಆರಂಭ, ಯಾವಾಗ ಮುಕ್ತಾಯ

ಸೌಮ್ಯ ಪ್ರಮಾಣದ ಖಿನ್ನತೆ ಮತ್ತು ಆತಂಕಕ್ಕೆ ಆಪ್ತಸಮಾಲೋಚನೆ, ನಿಗದಿತ ನಿದ್ದೆ, ದಿನವೂ ನಡಿಗೆ, ಬಿಟ್ಟುಹೋದ ಸಣ್ಣ ಕೆಲಸಗಳನ್ನು ಒಂದೊಂದಾಗಿ ಮತ್ತೆ ಕೈಗೆತ್ತಿಕೊಳ್ಳುವುದು, ಇಷ್ಟರಿಂದಲೇ ಗುಣವಾಗುವುದುಂಟು. ಮಧ್ಯಮ ಹಾಗೂ ತೀವ್ರ ಪ್ರಮಾಣದಲ್ಲಿ ಔಷಧ ಬೇಕಾಗುತ್ತದೆ. ಎಸ್ಸಿಟಲೋಪ್ರಾಮ್, ಫ್ಲುಆಕ್ಸೆಟಿನ್, ಸರ್ಟ್ರಾಲಿನ್ ಮುಂತಾದವು ಸಾಮಾನ್ಯವಾಗಿ ಬಳಕೆಯಲ್ಲಿರುವ ಔಷಧಗಳು. ಅಮಿಟ್ರಿಪ್ಟಿಲಿನ್ ಹಳೆಯ ಔಷಧವಾಗಿದ್ದು, ನೋವು ಮತ್ತು ನಿದ್ರಾಹೀನತೆ ಜೊತೆಗಿದ್ದಾಗ ಉಪಯುಕ್ತ. ಹೃದ್ರೋಗಿಗಳಲ್ಲಿ ಹಾಗೂ ವೃದ್ಧರಲ್ಲಿ ಎಚ್ಚರಿಕೆ ಅಗತ್ಯ.

ಈ ಮಾತ್ರೆಗಳು ನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ಆದರೆ ವಾಕರಿಕೆ, ತಲೆನೋವು, ಹೊಟ್ಟೆ ತೊಳಸುವಿಕೆಯಂತಹ ಅಡ್ಡಪರಿಣಾಮಗಳು ಮೊದಲ ವಾರದಲ್ಲಿಯೇ ಬರುತ್ತವೆ. ಹೀಗಾಗಿ ಮೊದಲ ಹತ್ತು ದಿನ ರೋಗಿಗೆ ತೊಂದರೆಯೇ ಕಾಣಿಸಿ ಲಾಭ ಕಾಣಿಸುವುದಿಲ್ಲ. "ಮಾತ್ರೆ ಆಗಿಬರಲಿಲ್ಲ" ಎಂದು ಬಹುತೇಕರು ನಿಲ್ಲಿಸುವುದು ಈ ಹಂತದಲ್ಲಿಯೇ. ಇದನ್ನು ಮೊದಲ ದಿನವೇ ತಿಳಿಸಿ ಹೇಳುವುದು ವೈದ್ಯರ ಕರ್ತವ್ಯ, ತಿಳಿದುಕೊಳ್ಳುವುದು ಮನೆಯವರ ಹೊಣೆ. 25 ವರ್ಷದೊಳಗಿನವರಲ್ಲಿ ಮೊದಲ ಕೆಲವು ವಾರಗಳಲ್ಲಿ ಚಡಪಡಿಕೆ ಅಥವಾ ಆತ್ಮಹತ್ಯೆಯ ಯೋಚನೆ ಹೆಚ್ಚಾಗುವ ಸಂಭವವಿರುವುದರಿಂದ ಅವರನ್ನು ಒಂಟಿಯಾಗಿ ಬಿಡದೆ, ವಾರದೊಳಗೆ ಮರುಭೇಟಿಗೆ ಕರೆತರಬೇಕು.

ಎರಡನೆಯ ತಪ್ಪು ಗುಣವಾದ ಕೂಡಲೇ ನಿಲ್ಲಿಸುವುದು. ಲಕ್ಷಣಗಳು ಪೂರ್ಣವಾಗಿ ಇಳಿದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಔಷಧ ಮುಂದುವರಿಸಬೇಕಾಗಿರುತ್ತದೆ. ಹಿಂದೆ ಎರಡು ಮೂರು ಬಾರಿ ಖಿನ್ನತೆ ಬಂದಿದ್ದವರಿಗೆ ಇದಕ್ಕಿಂತ ದೀರ್ಘ ಅವಧಿ ಬೇಕಾಗಬಹುದು. ನಿಲ್ಲಿಸುವಾಗಲೂ ವೈದ್ಯರ ಸೂಚನೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕೇ ಹೊರತು ಒಮ್ಮೆಲೇ ಅಲ್ಲ.

ರೇಷ್ಮೆ ಸಾಕಣೆದಾರರಿಗೆ ಇಲ್ಲೊಂದು ವಿಶೇಷ ಸೂಚನೆ. ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದ ನಂತರ ಹಣ್ಣಾಗುವವರೆಗೆ ಹಗಲಿರುಳು ಸೊಪ್ಪು ಹಾಕಬೇಕಾಗುವುದರಿಂದ ಮನೆ ಬಿಟ್ಟು ಬರಲು ಆಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ವಿಷಯ. ಮರುಭೇಟಿಯ ದಿನ ಆ ವಾರದಲ್ಲಿ ಬಿದ್ದರೆ ಮಾತ್ರೆ ಮುಗಿದು ಸರಪಳಿ ಕಡಿದುಹೋಗುತ್ತದೆ. ಚಾಕಿ ತಂದ ದಿನಾಂಕವನ್ನು ವೈದ್ಯರಿಗೆ ತಿಳಿಸಿದಲ್ಲಿ, ಅದಕ್ಕೆ ಹೊಂದುವಂತೆ ಮುಂಚಿತವಾಗಿ ಔಷಧ ಪಡೆಯುವ ಬಗ್ಗೆ ವಿಚಾರಿಸಬಹುದು. ಸ್ಥಿರವಾಗಿರುವ ರೋಗಿಯ ಔಷಧವನ್ನು ಹಿಂದಿನ ಚೀಟಿ ತೋರಿಸಿ ಮನೆಯವರು ಪಡೆಯಬಹುದೇ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ನಿದ್ದೆ ಮಾತ್ರೆಗಳ ಕುರಿತು ಎಚ್ಚರಿಕೆ

ಮಾನಸಿಕ ಕಾಯಿಲೆಯ ಎಲ್ಲ ಮಾತ್ರೆಗಳೂ ಚಟವಾಗುತ್ತವೆಂಬ ನಂಬಿಕೆ ಸರಿಯಲ್ಲ. ಮೇಲೆ ಹೆಸರಿಸಿದ ಖಿನ್ನತೆ ನಿವಾರಕಗಳು ಚಟ ಹತ್ತಿಸುವುದಿಲ್ಲ. ಚಟ ಹತ್ತಿಸುವಂತಹವು ಆಲ್ಪ್ರಾಜೋಲಾಮ್, ನೈಟ್ರಾಜೆಪಾಮ್, ಕ್ಲೋನಾಜೆಪಾಮ್ ಮುಂತಾದ ನಿದ್ದೆ ಹಾಗೂ ಆತಂಕ ಶಮನದ ಮಾತ್ರೆಗಳು. ಇವನ್ನು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಬಳಸಬಾರದು. ವಿಪರ್ಯಾಸವೆಂದರೆ, ಜನರು ಹೆದರಿ ಬಿಡುವುದು ಮೊದಲನೆಯದನ್ನು. ಔಷಧದ ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುವುದು ಎರಡನೆಯದನ್ನು. ಹೀಗೆ ದೀರ್ಘಕಾಲ ಸೇವಿಸುತ್ತಿರುವವರು ಸ್ವಂತ ನಿರ್ಧಾರದಿಂದ ಒಮ್ಮೆಲೇ ನಿಲ್ಲಿಸಬಾರದು. ಫಿಟ್ಸ್ ಬರುವ ಅಪಾಯವಿರುತ್ತದೆ. ಮದ್ಯದೊಂದಿಗೆ ಈ ಮಾತ್ರೆ ಸೇವಿಸಿದಲ್ಲಿ ಉಸಿರಾಟ ನಿಲ್ಲುವ ಸಾಧ್ಯತೆ ಇರುತ್ತದೆ.

ಮದ್ಯವ್ಯಸನ

ದಿನವೂ ಕುಡಿಯುವ ವ್ಯಕ್ತಿಯು ದೇವರ ಹರಕೆ, ಮಾಲೆ ಧಾರಣೆ ಅಥವಾ ಮನೆಯವರ ಒತ್ತಾಯದಿಂದ ಹಠಾತ್ತನೆ ಬಿಟ್ಟಾಗ, 6ರಿಂದ 24 ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ದೆಯಿಲ್ಲದಿರುವುದು ಆರಂಭವಾಗುತ್ತದೆ. ಕೆಲವರಿಗೆ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಇಲ್ಲದ ಹುಳುಹುಪ್ಪಟೆ ಕಾಣುವುದು, ಜಾಗ ಮತ್ತು ದಿನದ ಪರಿವೆ ತಪ್ಪುವುದು ಕಂಡುಬಂದರೆ ಅದು ಜೀವಕ್ಕೆ ಅಪಾಯದ ಸ್ಥಿತಿ. ಇದನ್ನು ಗಾಳಿ ಸೋಕಿದೆಯೆಂದು ತಿಳಿದು ಮನೆಯಲ್ಲಿ ಕಟ್ಟಿಹಾಕಿ ಕಾಯುವುದರಿಂದ ಪ್ರಾಣಹಾನಿಯಾಗುತ್ತದೆ. ಬಿಡುವ ನಿರ್ಧಾರ ಒಳ್ಳೆಯದೇ. ಬಿಡುವ ಮುನ್ನ ವೈದ್ಯರನ್ನು ಕಂಡರೆ ಐದಾರು ದಿನಗಳ ಔಷಧ ಮತ್ತು ಥಯಮಿನ್ ಜೀವಸತ್ವದೊಂದಿಗೆ ಸುರಕ್ಷಿತವಾಗಿ ಬಿಡಬಹುದಾಗಿರುತ್ತದೆ. ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಲು ಮಾರಲಾಗುವ "ಕುಡಿತ ಬಿಡಿಸುವ ಪುಡಿ"ಗಳನ್ನು ಬಳಸತಕ್ಕದ್ದಲ್ಲ.

ತೀವ್ರ ಮಾನಸಿಕ ಕಾಯಿಲೆಗಳು

ಯಾರೂ ಇಲ್ಲದಿದ್ದರೂ ಧ್ವನಿ ಕೇಳಿಸುವುದು, ನೆರೆಹೊರೆಯವರು ಮಾಟ ಮಾಡಿಸಿದ್ದಾರೆಂಬ ಅಲುಗದ ಸಂಶಯ, ಸ್ನಾನ ಊಟದ ಪರಿವೆ ಇಲ್ಲದಿರುವುದು ಮುಂತಾದವು ಸ್ಕಿಜೋಫ್ರೇನಿಯಾದ ಲಕ್ಷಣಗಳಾಗಿರಬಹುದು. ಇಂತಹವರನ್ನು ಮನೋವೈದ್ಯರು ಒಮ್ಮೆ ಪರೀಕ್ಷಿಸುವುದು ಅಗತ್ಯ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್ ರೂಢಿಗೆ ಬಂದಿದ್ದು, ಹೊರಡುವ ಮುನ್ನ ಆಸ್ಪತ್ರೆಯ ನೋಂದಣಿ ವಿಭಾಗದಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಮೂಲಕ ದಿನವನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ. ಚಿಕಿತ್ಸೆ ನಿರ್ಧಾರವಾದ ನಂತರ ಔಷಧವನ್ನು ಊರಿನ ಸಮೀಪದಲ್ಲಿಯೇ ಮುಂದುವರಿಸುವ ಬಗ್ಗೆ ಮನೋವೈದ್ಯರನ್ನು ಕೇಳಬಹುದು.

ಓಲಾಂಜಪಿನ್‌ನಂತಹ ಔಷಧಗಳಿಂದ ತೂಕ ಮತ್ತು ರಕ್ತದ ಸಕ್ಕರೆ ಏರಬಹುದಾದ್ದರಿಂದ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಬೇಕು. ಲಿಥಿಯಂ ಸೇವಿಸುವವರು ನಿಗದಿತ ಅವಧಿಗೊಮ್ಮೆ ರಕ್ತದಲ್ಲಿನ ಅದರ ಪ್ರಮಾಣವನ್ನು ನೋಡಿಸಬೇಕು. ವಾಂತಿಭೇದಿಯಾದಾಗ ಅಥವಾ ಬೇಸಿಗೆಯಲ್ಲಿ ನೀರಿನಂಶ ಕಡಿಮೆಯಾದಾಗ ಅದು ವಿಷವಾಗುವ ಸಂಭವವಿದ್ದು, ಹೆಚ್ಚಿದ ನಡುಕ, ತೊದಲು ಮತ್ತು ತೂರಾಟ ಅದರ ಸೂಚನೆಗಳು. ಗರ್ಭ ಧರಿಸುವ ಸಾಧ್ಯತೆಯುಳ್ಳ ಮಹಿಳೆಯರು ವ್ಯಾಲ್ಪ್ರೊಯೇಟ್ ಔಷಧದ ಬಗ್ಗೆ ವೈದ್ಯರೊಂದಿಗೆ ಮೊದಲೇ ಚರ್ಚಿಸಬೇಕು, ಏಕೆಂದರೆ ಅದರಿಂದ ಮಗುವಿನ ಬೆನ್ನುಹುರಿಯ ಬೆಳವಣಿಗೆಗೆ ಹಾನಿಯಾಗಬಹುದು.

ದೇವಸ್ಥಾನ, ದರ್ಗಾ ಅಥವಾ ಹರಕೆಗಳ ಬಗ್ಗೆ ವೈದ್ಯರ ಆಕ್ಷೇಪವಿರುವುದಿಲ್ಲ. ಪೂಜೆಯೊಂದಿಗೆ ಮಾತ್ರೆಯೂ ನಡೆಯಬಹುದು. ಆದರೆ ರೋಗಿಯನ್ನು ಹೊಡೆಯುವುದು, ಉಪವಾಸ ಕೆಡವುವುದು, ಸರಪಳಿಯಲ್ಲಿ ಬಿಗಿಯುವುದು ಯಾವ ಕಾರಣಕ್ಕೂ ಸಲ್ಲದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ ಮಾನಸಿಕ ರೋಗಿಗಳು ತಪ್ಪಿಸಿಕೊಳ್ಳಲಾಗದೆ ಸುಟ್ಟು ಸತ್ತರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 95ನೇ ಕಲಮು ರೋಗಿಗಳನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ.

ಹೆರಿಗೆಯ ನಂತರ

ಹೆರಿಗೆಯಾದ ಮೊದಲ ಕೆಲವು ದಿನ ಅಳು, ಕಿರಿಕಿರಿ ಉಂಟಾಗಿ ತಾನಾಗಿಯೇ ಹೋಗುವುದು ಸಾಮಾನ್ಯ. ಎರಡು ವಾರ ಮೀರಿದರೆ ಅದು ಬಾಣಂತಿಯ ಖಿನ್ನತೆಯಾಗಿರಬಹುದು. ನಿದ್ದೆ ಪೂರ್ತಿ ಹೋಗಿ, ಮಗು ತನ್ನದಲ್ಲ ಎನ್ನುವುದು, ಮಗುವಿಗೆ ಅಪಾಯ ಮಾಡುವ ಮಾತು ಕೇಳಿಬಂದರೆ ಅದೇ ದಿನ ಆಸ್ಪತ್ರೆಗೆ ಕರೆತರಬೇಕು. ಬಾಣಂತನಕ್ಕೆ ತವರಿಗೆ ಹೋಗಿರುವವರು ಅಲ್ಲಿನ ಆರೋಗ್ಯ ಕೇಂದ್ರದಲ್ಲಿಯೇ ತೋರಿಸಬಹುದು. ಹಾಲುಣಿಸುವ ತಾಯಂದಿರಿಗೂ ಹೊಂದುವ ಔಷಧಗಳಿವೆ.

ಆತ್ಮಹತ್ಯೆಯ ಯೋಚನೆ

ಸಾಯಬೇಕೆಂಬ ಮಾತನ್ನು ಆಡುವವರು ಮಾಡಿಕೊಳ್ಳುವುದಿಲ್ಲ ಎಂಬ ನಂಬಿಕೆ ಅತ್ಯಂತ ಅಪಾಯಕಾರಿ. "ಬದುಕು ಬೇಡವೆನಿಸಿದೆಯೇ, ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ" ಎಂದು ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದಾಗ ಬುದ್ಧಿವಾದ ಹೇಳದೆ ಕೇಳಿಸಿಕೊಂಡು, ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆತರತಕ್ಕದ್ದು.

ಬೇಸಾಯದ ಮನೆಗಳಲ್ಲಿ ಕೀಟನಾಶಕವು ಕೈಗೆಟುಕುವಂತಿರುವುದು ದೊಡ್ಡ ಅಪಾಯ. ಇಂತಹ ಯೋಚನೆಗಳು ಹಲವು ಬಾರಿ ಕೆಲವೇ ಗಂಟೆಗಳಲ್ಲಿ ಇಳಿಯುವಂತಹವು. ಆ ಹೊತ್ತಿನಲ್ಲಿ ಡಬ್ಬಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಆದುದರಿಂದ ಕೀಟನಾಶಕವನ್ನು ಮನೆಯೊಳಗೆ ಇಡದೆ, ಬೀಗವಿರುವ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈ ಬೇರೆಯವರ ಬಳಿ ಇರಬೇಕು. ವಿಷ ಸೇವಿಸಿದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನಕ್ಕೆ ಹೋಗದೆ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು ಹಾಗೂ ವಿಷದ ಡಬ್ಬಿಯನ್ನು ಜೊತೆಗೆ ಒಯ್ಯಬೇಕು.

ಪೊಲೀಸ್ ಪ್ರಕರಣವಾಗುತ್ತದೆಂಬ ಭಯದಿಂದ ಕೆಲವರು "ತಪ್ಪಿ ಕುಡಿದದ್ದು" ಎಂದು ಹೇಳುವುದು ಅಥವಾ ಆಸ್ಪತ್ರೆಗೆ ತಡಮಾಡುವುದು ಕಂಡುಬಂದಿದೆ. 2017ರ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿಯು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದಾಗಿದ್ದು, ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವಾಗಿರುತ್ತದೆ. ಆತ್ಮಹತ್ಯಾ ಯತ್ನವನ್ನು ಅಪರಾಧವೆಂದಿದ್ದ ಭಾರತೀಯ ದಂಡ ಸಂಹಿತೆಯ 309ನೇ ಕಲಮನ್ನು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿಸಿಕೊಂಡಿಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಒತ್ತಡ ಹೇರಲು ಮಾಡುವ ಯತ್ನ ಮಾತ್ರ 226ನೇ ಕಲಮಿನಡಿ ಶಿಕ್ಷಾರ್ಹ. ಆಸ್ಪತ್ರೆಯಲ್ಲಿ ಕಾನೂನುಸಂಬಂಧಿ ದಾಖಲಾತಿ ಮಾಡಿಕೊಳ್ಳುವುದು ಚಿಕಿತ್ಸೆಯನ್ನು ತಡೆಯುವುದಿಲ್ಲ.

ದೂರವಾಣಿ ಮೂಲಕ ಸಹಾಯಕ್ಕೆ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ನಿಮ್ಹಾನ್ಸ್ ರಾಷ್ಟ್ರಮಟ್ಟದ ಪ್ರಧಾನ ಕೇಂದ್ರವಾಗಿದ್ದು, ಕನ್ನಡದಲ್ಲಿ ಮಾತನಾಡಬಹುದಾಗಿರುತ್ತದೆ. ರೋಗಿಯೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.

ಶುಲ್ಕ, ದಾಖಲೆ ಮತ್ತು ಹಕ್ಕುಗಳು

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳಲು ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗಿಲ್ಲ. ಹೊರರೋಗಿ ಚೀಟಿ ಸಾಕು. 2017ರ ಕಾಯ್ದೆಯ 18ನೇ ಕಲಮಿನಂತೆ, ಬಡತನ ರೇಖೆಗಿಂತ ಕೆಳಗಿರುವವರು ಬಿಪಿಎಲ್ ಚೀಟಿ ಹೊಂದಿರಲಿ ಇಲ್ಲದಿರಲಿ, ಹಾಗೂ ನಿರ್ಗತಿಕರು ಮತ್ತು ವಸತಿಹೀನರು, ಸರ್ಕಾರ ನಡೆಸುವ ಅಥವಾ ಸರ್ಕಾರದ ಅನುದಾನ ಪಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರಾಗಿರುತ್ತಾರೆ. ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವುದು ಕಡ್ಡಾಯ. ಮದುವೆ ಮಾತುಕತೆಗೆ ಅಡ್ಡಿಯಾಗುತ್ತದೆಂದು ಹೆದರಿ ಹೆಣ್ಣುಮಕ್ಕಳ ಚಿಕಿತ್ಸೆಯನ್ನು ಮುಂದೂಡುವ ಪೋಷಕರು ಇದನ್ನು ವಿಶೇಷವಾಗಿ ಗಮನಿಸಬೇಕು. ವಿಮಾ ಕಂಪನಿಗಳು ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗೂ ವೈದ್ಯಕೀಯ ವಿಮೆ ಒದಗಿಸಬೇಕೆಂದು ಇದೇ ಕಾಯ್ದೆ ವಿಧಿಸಿದೆ.

ತಾನು ನಿರ್ಧಾರ ಕೈಗೊಳ್ಳಲಾಗದ ಸ್ಥಿತಿಗೆ ಬಂದಾಗ ತನ್ನ ಪರವಾಗಿ ಯಾರು ಮಾತನಾಡಬೇಕೆಂಬುದನ್ನು ವಯಸ್ಕ ವ್ಯಕ್ತಿಯು ಮೊದಲೇ ಬರೆದಿಡಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿದರೆ ಸಾಕು. ಹೀಗೆ ನೇಮಕವಾದವರನ್ನು ನಾಮನಿರ್ದೇಶಿತ ಪ್ರತಿನಿಧಿ ಎನ್ನಲಾಗುತ್ತದೆ. ಬೀದಿಯಲ್ಲಿ ಅಲೆದಾಡುತ್ತಿರುವ, ತನ್ನನ್ನು ತಾನು ನೋಡಿಕೊಳ್ಳಲಾಗದ ವ್ಯಕ್ತಿ ಕಂಡುಬಂದಲ್ಲಿ ಸಾರ್ವಜನಿಕರು ಪೊಲೀಸ್ ಠಾಣೆಗೆ ತಿಳಿಸಬಹುದು. ಅಂತಹವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸಮೀಪದ ಸಾರ್ವಜನಿಕ ಆಸ್ಪತ್ರೆಗೆ ಕರೆದೊಯ್ಯುವುದು ಠಾಣಾಧಿಕಾರಿಯ ಕರ್ತವ್ಯವಾಗಿದ್ದು, ಲಾಕಪ್ಪಿನಲ್ಲಿ ಇರಿಸುವಂತಿಲ್ಲ.

ಅಂಗವಿಕಲತೆಯ ಪ್ರಮಾಣಪತ್ರ

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಅಡಿಯಲ್ಲಿ ಮಾನಸಿಕ ಕಾಯಿಲೆಯೂ ಅಂಗವಿಕಲತೆಯ ವರ್ಗಗಳಲ್ಲಿ ಸೇರಿದೆ. ಪ್ರಮಾಣಪತ್ರ ಹಾಗೂ ಯುಡಿಐಡಿ ಗುರುತಿನ ಚೀಟಿಗಾಗಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕಾಗಿರುತ್ತದೆ. ಭಾವಚಿತ್ರ, ಆಧಾರ್ ಮತ್ತು ವಾಸಸ್ಥಳದ ದಾಖಲೆಯೊಂದಿಗೆ, ಇದುವರೆಗಿನ ಎಲ್ಲ ಚಿಕಿತ್ಸಾ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ತಪಾಸಣೆಯ ದಿನ ತರತಕ್ಕದ್ದು.

ತಪಾಸಣೆಯಲ್ಲಿ ಐಡಿಯಾಸ್ ಎಂಬ ಮಾಪನವನ್ನು ಬಳಸಲಾಗುತ್ತದೆ. ಸ್ವಂತ ಆರೈಕೆ, ಇತರರೊಂದಿಗಿನ ವರ್ತನೆ, ಮಾತು ಮತ್ತು ತಿಳಿವಳಿಕೆ, ದುಡಿಮೆ, ಈ ನಾಲ್ಕರಲ್ಲಿನ ತೊಡಕು ಹಾಗೂ ಕಾಯಿಲೆಯ ಅವಧಿಗೆ ಒಟ್ಟು 20 ಅಂಕಗಳಿದ್ದು, 7 ಅಥವಾ ಹೆಚ್ಚು ಅಂಕ ಬಂದಲ್ಲಿ ಶೇ. 40 ಅಥವಾ ಅದಕ್ಕೂ ಮೇಲ್ಪಟ್ಟ ಅಂಗವಿಕಲತೆಯೆಂದು ಪರಿಗಣಿಸಲಾಗುತ್ತದೆ. ಕಾಯಿಲೆಯ ಹೆಸರಿನಿಂದ ಮಾತ್ರವೇ ಶೇಕಡಾವಾರು ನಿರ್ಧಾರವಾಗುವುದಿಲ್ಲ. ಔಷಧದಿಂದ ಚೇತರಿಸಿ ದುಡಿಯುತ್ತಿರುವವರಿಗೆ ಅಂಕ ಕಡಿಮೆ ಬರುವುದು ಸಹಜ. ಅಂಕ ಹೆಚ್ಚು ಬರಲೆಂದು ತಪಾಸಣೆಗೆ ಮುನ್ನ ಔಷಧ ನಿಲ್ಲಿಸುವುದು ಅಪಾಯಕರವಾಗಿದ್ದು, ಅದರಿಂದ ಮರುಕಳಿಸಿದ ಕಾಯಿಲೆಯು ಪಿಂಚಣಿಯ ಮೊತ್ತಕ್ಕಿಂತ ಹೆಚ್ಚಿನ ನಷ್ಟವನ್ನು ಕುಟುಂಬಕ್ಕೆ ಉಂಟುಮಾಡುತ್ತದೆ.

ರೋಗಿಯ ದೈನಂದಿನ ಸ್ಥಿತಿಯನ್ನು ಬಲ್ಲ ಮನೆಯವರು ಜೊತೆಯಲ್ಲಿರುವುದು ಅವಶ್ಯಕ. ಎರಡು ದಿನದ ಹಿಂದೆ ಊರಿನಿಂದ ಬಂದ ಬಂಧುವಿನಿಂದ ಈ ಮಾಹಿತಿ ದೊರೆಯದು. ಪ್ರಮಾಣಪತ್ರ ದೊರೆತ ನಂತರ ಮಾಸಿಕ ಪಿಂಚಣಿಗಾಗಿ ನಾಡಕಚೇರಿಯ ಅಟಲ್ ಜನಸ್ನೇಹಿ ಕೇಂದ್ರದಲ್ಲಿ ಅರ್ಜಿ ಸಲ್ಲಿಸಬಹುದು. ಪ್ರಮಾಣಪತ್ರವು ತಾತ್ಕಾಲಿಕವಾಗಿದ್ದಲ್ಲಿ ಅದರ ಮೇಲೆ ನಮೂದಿಸಿರುವ ಅವಧಿ ಮುಗಿಯುವ ಮೊದಲೇ ಮರುತಪಾಸಣೆಗೆ ಅರ್ಜಿ ಸಲ್ಲಿಸತಕ್ಕದ್ದು.